ಜ್ವರದ ಹುಳುವಿಗೆ ಸೊಪ್ಪು ಹಾಕಿದವರು ಯಾರು?

ಚಿಂತೆ ಇಲ್ಲದ ಮನೆ ಯಾವುದಿದೆ ಹೇಳಿ? ಮಳೆ ಬಂದರೂ ಚಿಂತೆ, ಬಾರದಿದ್ದರೂ ಚಿಂತೆ. ಮಕ್ಕಳು ಮಾತಾಡಿದರೆ ಬಾಯಿ ಜಾಸ್ತಿಯಾಯಿತು ಎಂಬ ಚಿಂತೆ, ಸುಮ್ಮನಿದ್ದರೆ ಏನು ಬಚ್ಚಿಟ್ಟಿದ್ದಾರೋ ಎಂಬ ಚಿಂತೆ. ಅಷ್ಟು ಇರಲಿ ಬಿಡಿ, ಅದಿಲ್ಲದೆ ಸಂಸಾರ ನಡೆಯುವುದಿಲ್ಲ. ಆದರೆ ಹುಲಿಯೂರುದುರ್ಗದ ಹತ್ತಿರದ ಒಂದು ಊರಿನಲ್ಲಿ, ಶಾಂತಲಾ ಎಂಬ ಹೆಣ್ಣುಮಗಳ ಚಿಂತೆ ಎಲ್ಲಿಗೆ ಹೋಗಿ ಮುಟ್ಟಿತು ಎಂದರೆ, ಏಳನೇ ಕ್ಲಾಸಿನ ಮಗಳು ಬಟ್ಟೆಗಳನ್ನು ಬ್ಯಾಗಿಗೆ ತುಂಬಿಕೊಂಡು, "ನಾನು ಈ ಮನೇಲಿ ಇರಲ್ಲ" ಎಂದುಬಿಟ್ಟಳು. ಆ ಕಥೆ ಕೇಳಿ.

ಶಾಂತಲಾಳ ಮನೆಯವರು ರೇಷ್ಮೆ ಹುಳು ಸಾಕುವವರು. ಹುಳುಮನೆಯನ್ನು ಬಹಳ ವರ್ಷ ನೋಡಿಕೊಂಡವರು ಅತ್ತೆ ಸಿದ್ದಲಕ್ಷ್ಮಮ್ಮ. "ಆಯಮ್ಮನ ಕೈಗುಣ ಅಂದ್ರೆ ಕೈಗುಣ. ಅವ್ರು ಮುಟ್ಟಿದ ಹುಳ ಗೂಡು ಕಟ್ದೆ ಇರಲ್ಲ" ಎಂದು ಊರೇ ಹೇಳುತ್ತಿತ್ತು. ಮಂಡಿನೋವು ಜಾಸ್ತಿಯಾದ ಮೇಲೆ ಅವರು ಹುಳುಮನೆಯ ಬೀಗದ ಕೈಯನ್ನು ಸೊಸೆಗೆ ಕೊಟ್ಟರು. ಮಗ ನಾಗಭೂಷಣನಿಗೆ ಕುಣಿಗಲ್‌ನ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಶಾಂತಲಾ ಒಬ್ಬಳೇ ನೋಡಿಕೊಂಡ ಮೊದಲ ಬೆಳೆಗೆ ಹುಳು ಊದಿ ಸಾಯುವ ಹಾಲುರೋಗ ತಗುಲಿತು. ಹುಳುಗಳನ್ನೆಲ್ಲ ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಹಾಲುರೋಗ ಯಾರ ಮನೆಗೂ ಬರುತ್ತದೆ. ಆದರೆ ಡೈರಿಯ ಮುಂದೆ ಯಾರೋ ಒಬ್ಬಾಕೆ, "ಅತ್ತೆ ಕೈಗುಣ ಸೊಸೆಗೆ ಬರ್ಲಿಲ್ಲ ಬುಡಿ" ಅಂದದ್ದು ಶಾಂತಲಾಳ ಕಿವಿಗೆ ಬಿತ್ತು. ಅಂದವಳಿಗೇನು, ಹಾಲು ಹಾಕಿ ಕ್ಯಾನು ತೊಳೆದುಕೊಂಡು ಮನೆಗೆ ಹೋದಳು. ಕೇಳಿಸಿಕೊಂಡವಳ ನಿದ್ದೆ ಹೋಯಿತು. ನಾಲಿಗೆಗೆ ಮೂಳೆ ಇಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಎರಡನೇ ಬೆಳೆಗೆ ಹುಳು ತಂದ ಮೇಲೆ ಶಾಂತಲಾ ನೆಟ್ಟಗೆ ಕೂತು ಒಂದು ಮುದ್ದೆ ಉಂಡಿದ್ದನ್ನು ಯಾರೂ ನೋಡಲಿಲ್ಲ. ನಿಂತುಕೊಂಡೇ ಎರಡು ತುತ್ತು, ಉಳಿದ ಹೊತ್ತೆಲ್ಲ ಟೀ. ಕೈಯಲ್ಲಿ ಮೊಬೈಲು. ರೇಷ್ಮೆಯವರ ವಾಟ್ಸಾಪ್ ಗ್ರೂಪಿನಲ್ಲಿ ಯಾವುದೋ ಊರಿನವರು ಸತ್ತ ಹುಳುವಿನ ಫೋಟೋ ಹಾಕಿದರೆ, ಇವಳು ಒಲೆ ಮೇಲಿನ ಸಾರು ಬಿಟ್ಟು ಹುಳುಮನೆಗೆ ಓಡುತ್ತಿದ್ದಳು. ಎದೆ ಡವಡವ ಎನ್ನುತ್ತಿತ್ತು, ಕೈ ನಡುಗುತ್ತಿತ್ತು. ಮಗಳು ಅಕ್ಷತಾ ಲೋಟ ಕೆಳಗಿಟ್ಟ ಸದ್ದಾದರೂ ಕಿರುಚುತ್ತಿದ್ದಳು. ಹುಡುಗಿ ಮನೆಯಲ್ಲಿ ಹೆಜ್ಜೆ ಸಪ್ಪಳ ಮಾಡದೆ ಓಡಾಡುವುದನ್ನು ಕಲಿತಳು. ಕಲಿಯಬಾರದ ವಿದ್ಯೆ ಅದು.

ಆ ಮಂಗಳವಾರ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು: ಹುಳು ಬೆಳೆಯುವಾಗ ನಾಲ್ಕು ಸಲ ಮೈಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ. ಅದಕ್ಕೇ ನಮ್ಮವರು ಜ್ವರ ಎನ್ನುವುದು. ಆಗ ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಚ್ಚಿ, ಸುಮ್ಮನಿರಬೇಕು. ಎಲ್ಲ ಹುಳುವೂ ಪೊರೆ ಬಿಟ್ಟು ಏಳುವ ತನಕ ಹಿಪ್ಪುನೇರಳೆ ಸೊಪ್ಪು ಹಾಕಬಾರದು. ಹಾಕಿದರೆ ಮುಂಚೆ ಎದ್ದದ್ದು ತಿಂದು ಮುಂದೆ ಹೋಗುತ್ತದೆ, ಮಿಕ್ಕಿದ್ದು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತದೆ, ಬೆಳೆ ಏರುಪೇರಾಗುತ್ತದೆ. ರೇಷ್ಮೆ ಮನೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು.

ಶಾಂತಲಾಳಿಗೂ ಗೊತ್ತಿತ್ತು. ಆದರೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಮಧ್ಯಾಹ್ನ ಹೋಗಿ ಬಾಗಿಲು ತೆಗೆದಳು. ಅಲ್ಲೊಂದು ಇಲ್ಲೊಂದು ಹುಳು ಎದ್ದು ತಲೆ ಆಡಿಸುತ್ತಿತ್ತು. ಅಯ್ಯೋ ಹಸಿದಿವೆ, ಹೀಗೇ ಬಿಟ್ಟರೆ ಸಾಯುತ್ತವೆ ಎಂದು ಅವಳ ತಲೆ ಹೇಳಿತು. ಕೈ ಸೊಪ್ಪಿನ ಗುಡ್ಡೆಗೆ ಹೋಯಿತು. ಹುಳು ಹರಡಿದ ಒಂದು ಸ್ಟ್ಯಾಂಡ್ ತುಂಬ ಸೊಪ್ಪು ಹಾಕಿ ಮುಗಿದ ಮೇಲೆ ತಾನೇನು ಮಾಡಿದೆ ಎಂದು ಅರಿವಾಗಿ, ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಸಂಜೆ ಸಿದ್ದಲಕ್ಷ್ಮಮ್ಮ ಕೋಲೂರಿಕೊಂಡು ಹುಳು ನೋಡಲು ಹೋದರು. ಅವರ ಕೂಗು ಬೀದಿಗೆ ಕೇಳಿಸಿತು.

"ಜ್ವರದ ಹುಳಕ್ಕೆ ಸೊಪ್ಪು ಹಾಕಿರೋರು ಯಾರೇ? ಯಾರ್ ಕೈಗೆ ಬಂದಿತ್ತು ರೋಗ?"

ನಾಗಭೂಷಣ ಆಗಷ್ಟೇ ಕೆಲಸದಿಂದ ಬಂದು ಗಾಡಿ ನಿಲ್ಲಿಸುತ್ತಿದ್ದ. ಅಕ್ಷತಾ ಜಗುಲಿಯ ಮೇಲೆ ಹೋಂವರ್ಕ್ ಬರೆಯುತ್ತಿದ್ದಳು. ಡೈರಿ ಮುಂದಿನ ಮಾತು ಶಾಂತಲಾಳ ಕಿವಿಯಲ್ಲಿ ಮತ್ತೆ ಕೇಳಿಸಿತು.

"ಅಕ್ಷತಾ ಹಾಕಿರ್ಬೇಕು ಅತ್ತೆ," ಎಂದಳು.

ಹುಡುಗಿ ತಲೆ ಎತ್ತಿ ಅಮ್ಮನನ್ನು ನೋಡಿದಳು. ನಾಗಭೂಷಣ ಹಿಂದೆ ಮುಂದೆ ವಿಚಾರಿಸದೆ ಬಂದು ಕೆನ್ನೆಗೆ ಒಂದು ಕೊಟ್ಟ. ಆಗಲೂ ಅವಳು ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಎದ್ದಾಗ ಅಕ್ಷತಾಳ ಬ್ಯಾಗು ಜಗುಲಿಯ ಮೇಲಿತ್ತು.

"ಅಪ್ಪಾ, ನನ್ನ ವನಜತ್ತೆ ಮನೆಗೆ ಬಿಟ್ಬುಡು. ಚೇಳೂರಲ್ಲೇ ಸ್ಕೂಲಿಗೆ ಹೋಗ್ತೀನಿ."

ವನಜಮ್ಮ ನಾಗಭೂಷಣನ ಅಕ್ಕ, ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಕೊಟ್ಟವರು. ಮಕ್ಕಳಿಲ್ಲ. ಹುಡುಗಿಯನ್ನು ಕಂಡರೆ ಪ್ರಾಣ.

"ಒಂದು ಏಟಿಗೆ ಇಷ್ಟು ಕೋಪವೇನೆ?" ಎಂದ ನಾಗಭೂಷಣ.

"ಏಟಿಗಲ್ಲ."

"ಮತ್ತೆ?"

"ಇಲ್ಲಿದ್ರೆ ನಂಗೆ ಹೊಟ್ಟೆ ಒಳಗೆ ಯಾವಾಗ್ಲೂ ಏನೋ ಹಿಂಡ್ದಂಗೆ ಆಗ್ತದೆ ಅಪ್ಪಾ. ಇರಲ್ಲ ನಾನು."

"ಭಾನುವಾರ ಕರ್ಕೊಂಡು ಹೋಗ್ತೀನಿ" ಎಂದ. ಒಳಗಿನಿಂದ ಇದನ್ನು ಕೇಳಿಸಿಕೊಂಡ ಶಾಂತಲಾ ಹಿತ್ತಿಲಿಗೆ ಹೋದವಳು ಹುಳುಮನೆಯ ಗೋಡೆಗೆ ಒರಗಿ ಕುಸಿದಳು. ಉಸಿರು ಸಿಕ್ಕುತ್ತಿಲ್ಲ. ಬೆರಳು ಜೋಮು ಹಿಡಿದಿದೆ. ಮೈಯೆಲ್ಲ ಬೆವರು.

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಕೊಲ್ಲಾಪುರಮ್ಮ ಸದ್ದು ಕೇಳಿ ಓಡಿ ಬಂದರು.

"ಅಕ್ಕಾ, ಎದೆ ಹಿಡ್ಕೊಂತು. ನಾನು ಸಾಯ್ತೀನಿ."

"ಏನಾದ್ರೂ ಆಗ್ಲಿ, ಮೊದ್ಲು ಆಸ್ಪತ್ರೆ. ನಾಗಭೂಷಣ, ಆಟೋ ಕರಿ. ನಿಂತ್ಕೊಂಡು ನೋಡ್ತೀಯಲ್ಲೋ!"

"ದೃಷ್ಟಿ ತೆಗೆದ್ರೆ ಸರಿಹೋಯ್ತದೆ, ತಾಳಿ," ಎಂದು ಸಿದ್ದಲಕ್ಷ್ಮಮ್ಮ ಮೆಣಸಿನಕಾಯಿ ಹುಡುಕಲು ಹೊರಟರು.

"ಬಂದ್ಮೇಲೆ ತೆಗೀರಿ ಲಕ್ಷ್ಮಮ್ಮೋರೆ. ಎದೆ ನೋವು ಅಂದ್ರೆ ಕಾಯಬಾರ್ದು."

ಕುಣಿಗಲ್ ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಹೃದಯ ಚೆನ್ನಾಗಿದೆ, ಇದು ಆತಂಕ ಹೆಚ್ಚಾಗಿ ಆಗಿರುವುದು ಎಂದರು ಡಾಕ್ಟರು. ಸ್ವಲ್ಪ ದಿನ ದಿನಚರಿ ಸರಿ ಮಾಡಿಕೊಳ್ಳಿ, ಮತ್ತೆ ತೋರಿಸಿ, ಬೇಕಾದರೆ ಮಾತ್ರೆಯೂ ಇದೆ, ಹೆದರಬೇಡಿ ಎಂದು ಕಳಿಸಿದರು.

ಮನೆಗೆ ಬಂದದ್ದೇ ಸಿದ್ದಲಕ್ಷ್ಮಮ್ಮ ಶುರು ಮಾಡಿದರು. "ಏನೂ ಇಲ್ಲ ಅಂದ್ರಂತಲ್ಲ. ಏನೂ ಇಲ್ದೆ ಇಷ್ಟು ರಂಪ!"

"ಹಾರ್ಟಿಗೆ ಏನೂ ಇಲ್ಲ ಅಂದ್ರು. ಅವ್ಳಿಗೆ ಏನೂ ಇಲ್ಲ ಅನ್ನಲಿಲ್ಲ," ಎಂದರು ಕೊಲ್ಲಾಪುರಮ್ಮ. "ಸುಸ್ತಾಗೈತೆ ಹೆಣ್ಣು. ನಿಂತ್ಕೊಂಡು ಉಣ್ತಾಳೆ, ಟೀ ಕುಡ್ದು ಕುಡ್ದು ನಿದ್ದೆ ಓಡಿಸ್ತಾಳೆ, ಕಣ್ಮುಚ್ಚೋ ಗಂಟ ಆ ಮೊಬೈಲಲ್ಲಿ ಸತ್ತ ಹುಳ ನೋಡ್ತಾಳೆ. ಎತ್ತನ್ನಾದ್ರೂ ಉಳುಮೆ ಬಿಡಿಸಿ ನೆರಳಿಗೆ ಕಟ್ತೀವಪ್ಪ."

ನಾಗಭೂಷಣ ನಕ್ಕ. "ಅಕ್ಕಾ, ಟೆನ್ಷನ್ ಯಾರ್ಗಿಲ್ಲ? ನಂಗಿಲ್ವಾ?"

"ಐತೆ ಕಣಪ್ಪ. ಆದ್ರೆ ನೀನು ಅಂಗಡಿ ಬಾಗ್ಲು ಹಾಕಿದ್ರೆ ಮುಗೀತು. ಇವಳ ಅಂಗಡಿಗೆ ಬಾಗ್ಲೇ ಇಲ್ಲ. ಬೆಳಿಗ್ಗೆ ಮೊದಲ್ನೇ ಸೊಪ್ಪು ಯಾರು ಹಾಕೋದು?"

"ಅವಳೇ."

"ಕೊನೇ ಸೊಪ್ಪು?"

"ಅವಳೇ," ಎಂದ. ಈ ಸಲ ನಗಲಿಲ್ಲ.

ಕೊಲ್ಲಾಪುರಮ್ಮ ಶಾಂತಲಾಳ ಪಕ್ಕ ಕೂತರು. "ನೋಡು ಶಾಂತಾ. ಎದೆ ಡವಡವ ಅಂದ್ರೆ ಮೂಗಲ್ಲಿ ಮೆತ್ತಗೆ ಉಸಿರು ಎಳ್ಕೊ. ಬಾಯಲ್ಲಿ, ಬಿಸಿ ಕಾಫಿ ಆರಿಸ್ತೀವಲ್ಲ, ಹಂಗೆ ನಿಧಾನಕ್ಕೆ ಬುಡು. ಎಳ್ಕೊಂಡಿದ್ದಕ್ಕಿಂತ ಬುಡೋದು ಉದ್ದ ಇರ್ಬೇಕು."

"ಉಸಿರು ಬಿಟ್ರೆ ಹುಳ ಗೂಡು ಕಟ್ತದಾ?" ಎಂದರು ಸಿದ್ದಲಕ್ಷ್ಮಮ್ಮ.

"ಕಟ್ಟಲ್ಲ. ಆದ್ರೆ ಹುಳ ಸಾಕೋಳ ಕೈ ನಡುಗೋದು ನಿಲ್ತದೆ. ಮಧ್ಯಾಹ್ನದ ಮೇಲೆ ಟೀ ಬೇಡ. ಮೂರು ಹೊತ್ತೂ ಕೂತ್ಕೊಂಡು ಉಣ್ಣು. ಮೊಬೈಲು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡು. ಮಲಗೋ ರೂಮಿಗೆ ತಗೊಂಡು ಹೋಗ್ಬೇಡ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ದಿನಾ ಒಂದಷ್ಟು ಹೊತ್ತು ನಡಿ. ಕೆಲ್ಸಕ್ಕಲ್ಲ, ಸುಮ್ನೆ."

"ಚಿಂತೆ ಬಂದ್ರೆ?" ಎಂದಳು ಶಾಂತಲಾ.

"ಬರ್ತದೆ. ಬರ್ಬೇಡ ಅಂದ್ರೆ ಜಾಸ್ತಿ ಬರ್ತದೆ. ಅದಕ್ಕೊಂದು ಹೊತ್ತು ಗೊತ್ತು ಮಾಡು. ಸಂಜೆ ದೀಪ ಹಚ್ಚೋಕೆ ಮುಂಚೆ ಕೂತ್ಕೊಂಡು, ನಂಬಿಕೆ ಇರೋರ ಹತ್ರ ಬಾಯಿ ಬಿಟ್ಟು ಹೇಳು. ಮಿಕ್ಕಿದ ಹೊತ್ತಲ್ಲಿ ಬಂದ್ರೆ, 'ಸಂಜೆ ಬಾ' ಅಂತ ಕಳ್ಸು. ನಿನ್ ಕೈಲಿರೋದು ಯಾವ್ದು, ಇಲ್ಲದ್ದು ಯಾವ್ದು ಅಂತ ಬೇರೆ ಮಾಡು. ಹುಳುಮನೆ ಚೊಕ್ಕಟ ಇಡೋದು ನಿನ್ ಕೈಲದೆ. ಊರೋರ ಬಾಯಿ ನಿನ್ ಕೈಲಿಲ್ಲ."

ಕೊಲ್ಲಾಪುರಮ್ಮ ಹೊರಟಾಗ ಶಾಂತಲಾ ಬಾಗಿಲ ತನಕ ಬಂದು ಅವರ ಕೈ ಹಿಡಿದಳು. "ಅಕ್ಕಾ, ಸೊಪ್ಪು ಹಾಕಿದ್ದು ಅವಳಲ್ಲ. ನಾನು."

"ಇದು ಉಸಿರು ಎಳ್ದು ಬಿಟ್ರೆ ಹೋಗಲ್ಲ ತಾಯಿ. ಇದನ್ನ ಬಾಯಲ್ಲೇ ಹೇಳ್ಬೇಕು."

"ಹೇಳಿದ್ರೆ ನನ್ ಮುಖ ನೋಡ್ತಾಳಾ?"

"ಹೇಳ್ದಿದ್ರೆ ಭಾನುವಾರ ಬಸ್ ಹತ್ತುತ್ತಾಳೆ."

ಗುರುವಾರ ಶಾಂತಲಾ ಎಲ್ಲವನ್ನೂ ಮಾಡಲು ನೋಡಿದಳು, ಒಂದೂ ಸರಿಯಾಗಲಿಲ್ಲ. ಉಸಿರು ಎಳೆದುಕೊಳ್ಳಲು ಕೂತರೆ ಸಿಟ್ಟು ಬಂತು. ಟೀ ಬಿಟ್ಟದ್ದಕ್ಕೆ ತಲೆ ಸಿಡಿಯಿತು. ಮೊಬೈಲನ್ನು ಅಕ್ಕಿ ಡಬ್ಬದ ಮೇಲಿಟ್ಟು, ಮತ್ತೆ ಮತ್ತೆ ಅಕ್ಕಿ ನೋಡುವ ನೆಪದಲ್ಲಿ ಅಲ್ಲಿಗೇ ಹೋದಳು. ಕೊನೆಗೆ ಸಿದ್ದಲಕ್ಷ್ಮಮ್ಮ ಅದನ್ನು ಕಿತ್ತುಕೊಂಡು ತಮ್ಮ ಮಡಿಲಿಗೆ ಹಾಕಿಕೊಂಡರು. ನಂಬಿಕೆಯಿಂದಲ್ಲ, ರೇಗಿ ಹೋಗಿ.

ಸಂಜೆಯ ಹೊತ್ತಿಗೆ ಚಿಂತೆ ಕೇಳಲು ಯಾರೂ ಸಿಗದೆ, ಆ ಕೆಲಸವೂ ಅವರಿಗೇ ಬಂತು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತರು.

"ಹೇಳವ್ವ, ಏನ್ ನಿನ್ ಸಂತೆ?"

ಶಾಂತಲಾ ಹೇಳಿದಳು. ಹುಳು ಸಾಯಬಹುದು, ಜನ ನಗಬಹುದು, ಗಂಡ ಬೇಸರ ಪಡಬಹುದು. ಹೇಳುತ್ತಾ ಹೋದರೆ ಎಲ್ಲದರ ಕೊನೆಗೂ 'ಬಹುದು' ಇತ್ತು. ಸಿದ್ದಲಕ್ಷ್ಮಮ್ಮ ಎಲೆ ಅಡಿಕೆ ಅಗಿಯುತ್ತಾ ಕೇಳಿದರು.

"ನಂದೂ ಹಾಲುರೋಗಕ್ಕೆ ಹೋಗಿತ್ತು ಕಣೇ. ಒಂದ್ಸಲ ಅಲ್ಲ. ಕೈಗುಣ ಅಂತೆ, ಕೈಗುಣ! ಗೆದ್ದಿದ್ದನ್ನ ಮಾತ್ರ ಊರು ನೆನಪಿಟ್ಕೊಂಡಿದ್ದು."

ಇದನ್ನು ಅವರು ಸೊಸೆಗೆ ಯಾವತ್ತೂ ಹೇಳಿರಲಿಲ್ಲ. ಮುಂಚೆಯೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಶುಕ್ರವಾರ ನಾಗಭೂಷಣ ಬೆಳಗಿನ ಸೊಪ್ಪು ತಾನೇ ಹಾಕಿದ. ಶಾಂತಲಾ ಬೆಳಕಾಗುವ ತನಕ ಮಲಗಿದಳು. ಬದುವಿನ ಮೇಲೆ ನಡೆದು ಬಂದು ಕೂತು ಮುದ್ದೆ ಉಂಡಳು. ಎದೆಬಡಿತ ನಿಂತಿರಲಿಲ್ಲ, ಆದರೆ ಬಂದಾಗ ಅದನ್ನು ಇಳಿಸುವುದು ಹೇಗೆಂದು ಸ್ವಲ್ಪ ಗೊತ್ತಾಗಿತ್ತು. ಅಕ್ಷತಾ ಮಾತ್ರ ಮಾತಾಡಲಿಲ್ಲ. ಬ್ಯಾಗು ಜಗುಲಿಯ ಮೇಲೇ ಇತ್ತು.

ಶನಿವಾರ ಸಂಜೆ ಸಿದ್ದಲಕ್ಷ್ಮಮ್ಮ ಕೇಳುವ ಮುಂಚೆಯೇ ಶಾಂತಲಾ ಹೇಳಿಬಿಟ್ಟಳು. "ಅತ್ತೆ, ಮಂಗಳವಾರ ಸೊಪ್ಪು ಹಾಕಿದ್ದು ನಾನು."

ಸಿದ್ದಲಕ್ಷ್ಮಮ್ಮ ಅಗಿಯುವುದನ್ನು ನಿಲ್ಲಿಸಿದರು.

"ಅಯ್ಯೋ ನಿನ್ನ! ಆ ಮಗೀನ ಮೇಲೆ ಹಾಕಿದ್ಯಲ್ಲೇ. ಏಟು ತಿನ್ನಿಸ್ದೆಯಲ್ಲೇ!"

ಶಾಂತಲಾ ಅಳುತ್ತ ಕೂತಳು. ಮುದುಕಿಗೆ ಕೋಪ ಇಳಿಯಲು ಬಹಳ ಹೊತ್ತಾಯಿತು. ಕೊನೆಗೆ ಕೋಲನ್ನು ನೆಲಕ್ಕೆ ಕುಟ್ಟಿದರು.

"ಜ್ವರಕ್ಕೆ ಕೂತ ಹುಳಾನ ಅದರ ಪಾಡಿಗೆ ಬುಡ್ಬೇಕು ಅಂತ ಗೊತ್ತಿತ್ತಲ್ಲ ನಿಂಗೆ? ಹಂಗೇ ನಿನ್ ತಲೇನೂ ಒಂದ್ ಗಳಿಗೆ ಬುಟ್ಟಿದ್ರೆ ಈ ಗತಿ ಬರ್ತಿತ್ತಾ? ಹೊತ್ತು ಗೊತ್ತು ಇಲ್ದೆ ಅದಕ್ಕೂ ಚಿಂತೆ ಮೇವು ಹಾಕ್ದೆ. ಹೋಗು, ನನ್ ಮುಂದೆ ಅತ್ತು ಏನು? ಹೇಳ್ಬೇಕಾದವರ ಹತ್ರ ಹೇಳು."

ಅವತ್ತು ಹೇಳಲಾಗಲಿಲ್ಲ. ಮಗಳ ಹತ್ತಿರ ಹೋದಳು, ನಿಂತಳು, "ಊಟ ಮಾಡಿದ್ಯಾ?" ಎಂದು ಕೇಳಿ ವಾಪಸ್ ಬಂದಳು.

ಭಾನುವಾರ ಬೆಳಿಗ್ಗೆ ನಾಗಭೂಷಣ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹುಲಿಯೂರುದುರ್ಗಕ್ಕೆ ಹೊರಟ. ಅಲ್ಲಿಂದ ಕುಣಿಗಲ್ ಬಸ್ಸು, ಆಮೇಲೆ ತುಮಕೂರು, ಗುಬ್ಬಿ ದಾಟಿ ಚೇಳೂರು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಶಾಂತಲಾ ನೋಡುತ್ತ ನಿಂತಳು. ಎದೆ ಮತ್ತೆ ಹಿಡಿದುಕೊಳ್ಳತೊಡಗಿತು. ಕಂಬ ಹಿಡಿದು ನಿಧಾನವಾಗಿ ಉಸಿರು ಬಿಟ್ಟಳು. ಇನ್ನೊಮ್ಮೆ ಬಿಟ್ಟಳು. ಕಾಲಿಗೆ ಚಪ್ಪಲಿ ಮೆಟ್ಟಿ, ರಸ್ತೆಯಲ್ಲಿ ಬಂದ ಆಟೋಗೆ ಕೈ ಅಡ್ಡ ಹಾಕಿದಳು.

ಸ್ಟಾಪಿನಲ್ಲಿ ಬಸ್ಸು ಬಂದು ನಿಂತಿತ್ತು. ಅಕ್ಷತಾ ಬ್ಯಾಗು ಹಿಡಿದು ಮೆಟ್ಟಿಲ ಹತ್ತಿರ ಇದ್ದಳು.

"ಅಕ್ಷತಾ!"

ಹತ್ತು ಜನ ತಿರುಗಿ ನೋಡಿದರು. ಊರವರ ಬಾಯಿಗೆ ಅಷ್ಟು ಹೆದರುತ್ತಿದ್ದ ಶಾಂತಲಾ ಆ ಹತ್ತು ಜನರ ಮುಂದೆಯೇ ಹೇಳಿದಳು. "ಸೊಪ್ಪು ಹಾಕಿದ್ದು ನಾನು ಕಣೇ. ಭಯ ಆಗಿ ನಿನ್ ಮೇಲೆ ಸುಳ್ಳು ಹೇಳ್ದೆ. ತಪ್ಪು ನಂದು."

ನಾಗಭೂಷಣನ ಮುಖ ಕಪ್ಪಿಟ್ಟಿತು. ಅವನು ಹೊಡೆದ ಕೈಯನ್ನು ಎಲ್ಲಿಡಬೇಕೆಂದು ಅವನಿಗೇ ತಿಳಿಯಲಿಲ್ಲ.

ಅಕ್ಷತಾ ನೆಲ ನೋಡುತ್ತ ಹೇಳಿದಳು. "ನಂಗೊತ್ತಿತ್ತು. ಸ್ಕೂಲಿಂದ ಬೇಗ ಬಂದಿದ್ದೆ. ನೀನು ಸೊಪ್ಪು ಹಾಕೋದು ಕಿಟಕೀಲಿ ನೋಡ್ದೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ? ಸುಮ್ನೆ ಏಟು ತಿಂದ್ಯಲ್ಲೇ?"

"ಹೇಳಿದ್ರೆ ಅಜ್ಜಿ ನಿನ್ನ ಬೈತಿತ್ತು. ನಿಂಗೆ ಎದೆ ಡವಡವ ಜಾಸ್ತಿಯಾಗಿ ಸತ್ತೋದ್ರೆ?"

ಕೇಳಿದಿರಾ? ಹನ್ನೆರಡು ವರ್ಷದ ಹುಡುಗಿ ಅಮ್ಮನ ಚಿಂತೆಯನ್ನೂ ಹೊತ್ತಿದ್ದಳು, ಅಪ್ಪನ ಏಟನ್ನೂ ಹೊತ್ತಿದ್ದಳು. ಹೊರಲಾಗದೆ ಊರು ಬಿಡಲು ಹೊರಟಿದ್ದಳು. ಮನೆಯ ದೊಡ್ಡವರಿಗೆ ಇದು ಕಾಣಿಸಿರಲಿಲ್ಲ.

ಶಾಂತಲಾ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಸಾಯಲ್ಲ ಕಣೇ. ಡಾಕ್ಟ್ರು ನೋಡವ್ರೆ. ಹೃದಯ ಚೆನ್ನಾಗೈತೆ."

"ನಾಳೆ ಮತ್ತೆ ಭಯ ಆದ್ರೆ?"

"ಆಗ್ತದೆ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಭಯ ಆದ್ರೆ ಅಜ್ಜಿ ಹತ್ರ ಹೇಳ್ತೀನಿ, ನಿಮ್ಮಪ್ಪನ ಹತ್ರ ಹೇಳ್ತೀನಿ, ಡಾಕ್ಟ್ರ ಹತ್ರ ಹೋಗ್ತೀನಿ. ನಿನ್ ಮೇಲೆ ಹಾಕಲ್ಲ."

ನಾಗಭೂಷಣ ಮಗಳ ತಲೆಯ ಮೇಲೆ ಕೈಯಿಟ್ಟ. "ನಾನೂ ಕೇಳ್ದೆ ಹೊಡೆಯಲ್ಲ, ಮಗಳೇ."

ಕಂಡಕ್ಟರ್ ಬಾಗಿಲಿನಿಂದ ಬಗ್ಗಿದ. "ಏನಮ್ಮಾ, ಹತ್ತೀರೋ ಇಲ್ವೋ? ಟೈಮಾಯ್ತು."

ಅಕ್ಷತಾ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬ್ಯಾಗನ್ನು ಅಪ್ಪನ ಕೈಗೆ ಕೊಟ್ಟು, ಕಂಡಕ್ಟರ್ ಕಡೆ ತಿರುಗಿದಳು.

"ನಾವ್ ಬರಲ್ಲ ಅಣ್ಣ. ರೈಟ್ ಹೇಳಿ."

ಬೆಳೆ ಏರುಪೇರಾಯಿತು. ಆ ಒಂದು ಸ್ಟ್ಯಾಂಡಿನ ಹುಳು ಒಂದೇ ದಿನ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗದೆ, ಮನೆಮಂದಿಯೆಲ್ಲ ಕೂತು ಹಣ್ಣಾದದ್ದನ್ನು ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡಬೇಕಾಯಿತು. ಕೆಲವು ಗೂಡು ಜೊಳ್ಳು. ಮಿಕ್ಕಿದ್ದು ಚೆನ್ನಾಗಿಯೇ ಬಂತು. ಸಿದ್ದಲಕ್ಷ್ಮಮ್ಮ ಈಗಲೂ ಸಂಜೆ ಕಲ್ಲಿನ ಮೇಲೆ ಕೂರುತ್ತಾರೆ. ಈಚೆಗೆ ತಮ್ಮ ಮಂಡಿಯ ಚಿಂತೆಯನ್ನು ಅವರೇ ಮೊದಲು ಹೇಳುತ್ತಾರಂತೆ, ಸೊಸೆಗೆ ಸರದಿ ಸಿಗುವುದೇ ಕಷ್ಟ.

ಅಕ್ಕಂದಿರೇ, ಅಣ್ಣಂದಿರೇ, ಚಿಂತೆ ಯಾರನ್ನೂ ಬಿಟ್ಟಿಲ್ಲ. ಅದು ನಾಚಿಕೆಯ ವಿಷಯವಲ್ಲ, ನಾಟಕವೂ ಅಲ್ಲ. ಹೊತ್ತಿಗೆ ಸರಿಯಾಗಿ ಕೂತು ಉಣ್ಣಿ. ನಿದ್ದೆಗೆ ಜಾಗ ಬಿಡಿ, ಮೊಬೈಲಿಗೂ ಟೀಗೂ ಮಿತಿ ಹಾಕಿ. ದಿನಕ್ಕೊಂದು ಸಲ ಸುಮ್ಮನೆ ನಡೆಯಿರಿ, ನಿಧಾನವಾಗಿ ಉಸಿರು ಬಿಡಿ, ಮನಸ್ಸಿನಲ್ಲಿರುವುದನ್ನು ನಂಬಿದವರ ಹತ್ತಿರ ಹೇಳಿ. ಮನೆಯ ಕೆಲಸ ಹಂಚಿಕೊಳ್ಳಿ. ಎದೆ ನೋವು ಬಂದರೆ ಚಿಂತೆಯೇ ಇರಬೇಕು ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಎಷ್ಟು ಮಾಡಿದರೂ ಆತಂಕ ಇಳಿಯದಿದ್ದರೆ, ಬದುಕೇ ಬೇಡ ಎನಿಸಿದರೆ, ಒಂದು ಕ್ಷಣವೂ ತಡ ಮಾಡಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೂ ಒಂದು ಕೆಲಸ ಇದೆ, ಇದನ್ನು ಇವತ್ತೇ ಮಾಡಿ. ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನನ್ನಿಂದ ನಿಂಗೆ ಭಯ ಆಗ್ತದಾ?" ಎಂದು ಕೇಳಿ. ಏನು ಹೇಳಿದರೂ ಬೈಯಬೇಡಿ. ಪೂರ್ತಿ ಕೇಳಿಸಿಕೊಳ್ಳಿ.